ಸೂರ್ಯನ ಮೇಲಿನ ಕಪ್ಪು ಗೆರೆ ಹುಟ್ಟುವುದು ಹೇಗೆ?

ಪ್ರಶ್ನೆ: ನಾನು ಬದಿಯಡ್ಕದ ಹತ್ತಿರ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ವಿಜ್ಞಾನದ ಟೀಚರ್. 2019ರ ಡಿಸೆಂಬರ್ 26ರಂದು ಚೆರುವತ್ತೂರಿಗೆ ಹೋಗಿ ಕಂಕಣ ಸೂರ್ಯಗ್ರಹಣ ನೋಡಿದ ಮೇಲೆ ನನಗೆ ಸೂರ್ಯನ ಬಗ್ಗೆ ಆಸಕ್ತಿ ಜಾಸ್ತಿಯಾಯಿತು. ಈಚೆಗೆ ಹವ್ಯಾಸಿ ಖಗೋಳ ವೀಕ್ಷಕರೊಬ್ಬರು ಹೈಡ್ರೋಜನ್ನಿನ ಕೆಂಪು ಬೆಳಕನ್ನು ಮಾತ್ರ ಒಳಗೆ ಬಿಡುವ ಎಚ್-ಆಲ್ಫಾ ದೂರದರ್ಶಕವನ್ನು ಶಾಲೆಗೆ ತಂದಿದ್ದರು. ಕೆಂಪು ಸೂರ್ಯನ ಮೇಲೆ ಉದ್ದನೆಯ ಕಪ್ಪು ಗೆರೆ ಕಂಡಿತು. ಮಕ್ಕಳು "ಸೂರ್ಯನಿಗೆ ಬಿರುಕು ಬಿಟ್ಟಿದೆ" ಅಂದರು. ಅದು ಫಿಲಮೆಂಟ್, ಕಾಂತಕ್ಷೇತ್ರ ಹಿಡಿದಿಟ್ಟುಕೊಂಡ ತಣ್ಣಗಿನ ಅನಿಲ ಎಂದು ಅವರು ಹೇಳಿದರು. ಅಷ್ಟು ಬಿಸಿಯ ನಡುವೆ ತಣ್ಣಗಿನ ಅನಿಲ ಬಂದದ್ದು ಹೇಗೆ? ಕಣ್ಣಿಗೆ ಕಾಣದ ಕಾಂತಕ್ಷೇತ್ರವನ್ನು ಕಂಪ್ಯೂಟರಿನಲ್ಲಿ ಕಟ್ಟುವುದು ಹೇಗೆ? ಹಾಗೆ ಕಟ್ಟಿದ್ದು ಸರಿ ಎಂದು ಗೊತ್ತಾಗುವುದು ಹೇಗೆ?

ಉತ್ತರ: ಟೀಚರೇ, ನಿಮ್ಮ ಮೂರು ಪ್ರಶ್ನೆಗಳಲ್ಲಿ ಕೊನೆಯದೇ ನನಗೆ ಹೆಚ್ಚು ಇಷ್ಟವಾಯಿತು. ಈ ಕೆಲಸ ಮಾಡುವವರು ದಿನಾ ಕೇಳಿಕೊಳ್ಳುವ ಪ್ರಶ್ನೆ ಅದೇ. ಆದರೆ ಅಲ್ಲಿಗೆ ಹೋಗುವ ಮೊದಲು ಬಿರುಕಿನ ವಿಷಯ ಮುಗಿಸೋಣ.

ನಿಮ್ಮ ಮಕ್ಕಳು ಕಂಡದ್ದು ಸೂರ್ಯನ ಮೇಲ್ಮೈಯಲ್ಲಿ ಇಲ್ಲ. ಮೇಲ್ಮೈಯಿಂದ ಹತ್ತಾರು ಸಾವಿರ ಕಿಲೋಮೀಟರ್ ಎತ್ತರದವರೆಗೆ, ಕರೋನಾ ಎಂಬ ಸೂರ್ಯನ ಹೊರ ವಾತಾವರಣದೊಳಗೆ ನಿಂತಿರುವ ಅನಿಲದ ತೆಳು ಹಾಳೆ ಅದು. ಉದ್ದ ಒಂದು ಲಕ್ಷ ಕಿಲೋಮೀಟರ್ ದಾಟುವುದು ಮಾಮೂಲಿ. ಸುತ್ತಲಿನ ಕರೋನಾದ ಬಿಸಿ ಹತ್ತರಿಂದ ಇಪ್ಪತ್ತು ಲಕ್ಷ ಡಿಗ್ರಿ. ಫಿಲಮೆಂಟಿನದ್ದು ಎಂಟು-ಹತ್ತು ಸಾವಿರ ಡಿಗ್ರಿ ಅಷ್ಟೇ. ಸಾಂದ್ರತೆ ಮಾತ್ರ ಕರೋನಾಕ್ಕಿಂತ ನೂರು ಪಟ್ಟು ಹೆಚ್ಚು. ಈ ಅನಿಲದಲ್ಲಿರುವ ಹೈಡ್ರೋಜನ್ ಕೆಳಗಿನಿಂದ ಬರುವ 656.3 ನ್ಯಾನೋಮೀಟರಿನ ಕೆಂಪು ಬೆಳಕನ್ನು ಹೀರಿ, ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. ನಮ್ಮ ಕಡೆ ಬರುವ ಪಾಲು ಕಡಿಮೆಯಾಗುತ್ತದೆ, ಅದಕ್ಕೇ ಕಪ್ಪು. ಅದೇ ಫಿಲಮೆಂಟ್ ಸೂರ್ಯನ ಅಂಚಿಗೆ ಬಂದಾಗ ಹಿಂದೆ ಇರುವುದು ಕಪ್ಪು ಆಕಾಶ. ಆಗ ಅದು ಕೆಂಪಗೆ ಹೊಳೆಯುತ್ತದೆ. ಅದನ್ನು ಪ್ರಾಮಿನೆನ್ಸ್ ಎನ್ನುತ್ತೇವೆ. ಎರಡೂ ಒಂದೇ ವಸ್ತು.

ಈ ಪ್ರಾಮಿನೆನ್ಸ್ ಹೊಳೆಯುವ ಬಿಸಿ ಅನಿಲ ಎಂದು ಖಚಿತವಾದದ್ದು 1868ರ ಆಗಸ್ಟ್ 18ರ ಪೂರ್ಣ ಗ್ರಹಣದಲ್ಲಿ. ಅದು ನಡೆದದ್ದು ನಮ್ಮ ನೆಲದಲ್ಲೇ. ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್, ಗುಂಟೂರಿನಲ್ಲಿ ಫ್ರಾನ್ಸಿನ ಝಾನ್ಸೆನ್ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ರೋಹಿತದರ್ಶಕ ಹಿಡಿದು ಕಾದಿದ್ದರು. ಇಬ್ಬರಿಗೂ ಹೊಳೆಯುವ ಗೆರೆಗಳು ಕಂಡವು, ಅದೇ ಬಿಸಿ ಅನಿಲದ ಗುರುತು. ಮಕ್ಕಳಿಗೆ ಈ ಜಮಖಂಡಿಯ ಕತೆ ಖಂಡಿತ ಹೇಳಿ.

ಈಗ ಒಂದು ಲೆಕ್ಕ. ಹತ್ತನೇ ತರಗತಿಯ ಮಕ್ಕಳಿಂದಲೂ ಮಾಡಿಸಬಹುದು. ಸೂರ್ಯನ ಮೇಲ್ಮೈಯಲ್ಲಿ ಗುರುತ್ವ ಸೆಕೆಂಡಿಗೆ ಸೆಕೆಂಡಿಗೆ 274 ಮೀಟರ್. ಭೂಮಿಯದ್ದರ 28 ಪಟ್ಟು. 30,000 ಕಿಲೋಮೀಟರ್ ಎತ್ತರದಲ್ಲಿರುವ ಅನಿಲವನ್ನು ಯಾರೂ ಹಿಡಿದುಕೊಳ್ಳದಿದ್ದರೆ ಅದು ಎಷ್ಟು ಹೊತ್ತಿನಲ್ಲಿ ಕೆಳಗೆ ಬೀಳಬೇಕು? ಎತ್ತರದ ಎರಡು ಪಟ್ಟನ್ನು ಗುರುತ್ವದಿಂದ ಭಾಗಿಸಿ ವರ್ಗಮೂಲ ತೆಗೆಯಿರಿ. ಹೆಚ್ಚುಕಡಿಮೆ ಎಂಟು ನಿಮಿಷ ಬರುತ್ತದೆ. ಅನಿಲದ ಸ್ವಂತ ಒತ್ತಡ ಹಿಡಿದೀತೇ ಅಂದರೆ ಅದೂ ಆಗುವುದಿಲ್ಲ. ಎಂಟು ಸಾವಿರ ಡಿಗ್ರಿಯ ಅನಿಲ ಸೂರ್ಯನ ಮೇಲೆ ತನ್ನ ಬಲದಿಂದಲೇ ನಿಂತರೆ, ಪ್ರತಿ ಇನ್ನೂರು ಕಿಲೋಮೀಟರ್ ಮೇಲೆ ಹೋದಂತೆ ಅದರ ಸಾಂದ್ರತೆ ಹೆಚ್ಚುಕಡಿಮೆ ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಸಾವಿರ ಕಿಲೋಮೀಟರ್ ದಾಟುವಷ್ಟರಲ್ಲಿ ಏನೂ ಉಳಿಯುವುದಿಲ್ಲ. ಆದರೂ ಶಾಂತ ಪ್ರದೇಶದ, ಅಂದರೆ ಸೂರ್ಯನ ಕಲೆಗಳಿಂದ ದೂರದ, ಫಿಲಮೆಂಟುಗಳು ವಾರಗಟ್ಟಲೆ ಇರುತ್ತವೆ. ಹಿಡಿಯುವ ಕೈ ಕಾಂತಕ್ಷೇತ್ರದ್ದು. ವಿದ್ಯುದಂಶ ಇರುವ ಕಣಗಳು ಬಲರೇಖೆಯ ಉದ್ದಕ್ಕೆ ಆರಾಮವಾಗಿ ಜಾರುತ್ತವೆ, ಅಡ್ಡಡ್ಡ ದಾಟಲಾರವು. ವಿದ್ಯುದಂಶ ಇಲ್ಲದ ಪರಮಾಣುಗಳೂ ಅಲ್ಲಿ ಬೇಕಾದಷ್ಟಿವೆ. ಅವು ಪಕ್ಕದ ಅಯಾನುಗಳಿಗೆ ಡಿಕ್ಕಿ ಹೊಡೆಯುತ್ತಾ ಅವುಗಳ ಜತೆಗೇ ಉಳಿಯುತ್ತವೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ತುಂಬಾ ಕಡೆ ಹೀಗೆ ಬರೆದಿರುತ್ತಾರೆ: ಸೂರ್ಯನಿಂದ ಅನಿಲ ಮೇಲಕ್ಕೆ ಚಿಮ್ಮಿತು, ಕಾಂತಕ್ಷೇತ್ರ ಅದನ್ನು ಹಿಡಿದುಕೊಂಡಿತು. ಈ ಕ್ರಮ ತಲೆಕೆಳಗು. ಮೊದಲು ಕಾಂತಕ್ಷೇತ್ರ ಒಂದು ವಿಶೇಷ ಆಕಾರಕ್ಕೆ ಬರಬೇಕು. ಅದಕ್ಕೆ ದಿನಗಳು, ಕೆಲವೊಮ್ಮೆ ವಾರಗಳು ಹಿಡಿಯುತ್ತವೆ. ಆಮೇಲೆ ಅನಿಲ. ನಮ್ಮ ಮುರಕಲ್ಲಿನ ಪದವಿನಲ್ಲಿ ಮಳೆ ಬಂದ ಮೇಲೆ ಅಲ್ಲಲ್ಲಿ ನೀರು ನಿಂತಿರುತ್ತದಲ್ವಾ? ತಗ್ಗು ಮೊದಲೇ ಇತ್ತು. ನೀರು ಬಂದಾಗ ಅದು ಎಲ್ಲಿದೆ, ಯಾವ ಆಕಾರದ್ದು ಎಂದು ನಮಗೆ ಕಂಡಿತು, ಅಷ್ಟೇ. ಫಿಲಮೆಂಟಿನ ಕತೆಯೂ ಇದೇ. ಇದಕ್ಕೆ ಪುರಾವೆ ನೇರವಾಗಿ ಸಿಗುತ್ತದೆ. ಫಿಲಮೆಂಟ್ ಕಾಣಿಸುವ ಮೊದಲೇ ಆ ಜಾಗದಲ್ಲಿ ಮೇಲ್ಮೈಗೂ ಕರೋನಾಕ್ಕೂ ನಡುವಿನ ಪದರವಾದ ವರ್ಣಗೋಳದ ಸಣ್ಣ ಎಳೆಗಳು ಒಂದೇ ದಿಕ್ಕಿಗೆ ಸಾಲಾಗಿ ಮಲಗಿರುತ್ತವೆ. ಇದನ್ನು ಫಿಲಮೆಂಟ್ ಕಾಲುವೆ ಎನ್ನುತ್ತೇವೆ. ಎಷ್ಟೋ ಕಾಲುವೆಗಳಲ್ಲಿ ಅನಿಲ ತುಂಬುವುದೇ ಇಲ್ಲ. ಇನ್ನು ಕೆಲವು ಕಡೆ ಫಿಲಮೆಂಟ್ ಸಿಡಿದು ಹೋಗುತ್ತದೆ, ಕಾಲುವೆ ಉಳಿಯುತ್ತದೆ, ಸ್ವಲ್ಪ ಹೊತ್ತಿನಲ್ಲೇ ಮತ್ತೆ ಅನಿಲ ತುಂಬಿಕೊಳ್ಳುತ್ತದೆ.

ಹಾಗಾಗಿ ಫಿಲಮೆಂಟ್ ಹೇಗೆ ಹುಟ್ಟುತ್ತದೆ ಎಂಬ ಪ್ರಶ್ನೆಯಲ್ಲಿ ಕಷ್ಟದ ಭಾಗ ಕಾಲುವೆ ಹೇಗೆ ಹುಟ್ಟುತ್ತದೆ ಎಂಬುದು. ಕಾಂತಕ್ಷೇತ್ರದ ಮಾಡೆಲಿಂಗ್ ಅಂದರೆ ಮುಖ್ಯವಾಗಿ ಈ ಕೆಲಸವೇ.

ಸೂರ್ಯನ ಮೇಲ್ಮೈಯ ಕಾಂತ ನಕ್ಷೆ ತೆಗೆದರೆ ಕೆಲವು ಜಾಗದಲ್ಲಿ ಬಲರೇಖೆ ಹೊರಗೆ ಬರುತ್ತದೆ, ಅದು ಧನ. ಕೆಲವು ಕಡೆ ಒಳಗೆ ಹೋಗುತ್ತದೆ, ಅದು ಋಣ. ಎರಡರ ನಡುವಿನ ಗಡಿಗೆರೆ ಮುಖ್ಯ. ಫಿಲಮೆಂಟುಗಳೆಲ್ಲ ಈ ಗಡಿಗೆರೆಯ ಮೇಲೇ ಇರುತ್ತವೆ. ಯಾವ ಶಕ್ತಿಯೂ ಸೇರದ ಸಾದಾ ಕಾಂತಕ್ಷೇತ್ರವಾದರೆ ಬಲರೇಖೆ ಧನದಿಂದ ಎದ್ದು, ಕಮಾನಾಗಿ ಬಾಗಿ, ಗಡಿಗೆರೆಯನ್ನು ಅಡ್ಡಕ್ಕೆ ದಾಟಿ ಋಣಕ್ಕೆ ಇಳಿಯಬೇಕು. ಕಮಾನಿನ ಮೇಲೆ ಅನಿಲ ನಿಲ್ಲುವುದಿಲ್ಲ, ಎರಡೂ ಬದಿಗೆ ಜಾರುತ್ತದೆ. ಕಾಲುವೆಯಲ್ಲಿ ಹಾಗಿರುವುದಿಲ್ಲ. ಅಲ್ಲಿ ಬಲರೇಖೆಗಳು ಗಡಿಗೆರೆಯ ಉದ್ದಕ್ಕೇ ಓಡುತ್ತವೆ, ನಡುವೆ ಕೆಳಗೆ ಜೋಲುತ್ತವೆ. 1980ರ ದಶಕದಲ್ಲಿ ಫ್ರಾನ್ಸಿನ ಲೆರುವಾ ಮತ್ತು ಸಂಗಡಿಗರು ಪ್ರಾಮಿನೆನ್ಸಿನೊಳಗಿನ ಕಾಂತಕ್ಷೇತ್ರವನ್ನು ಬೆಳಕಿನ ಧ್ರುವೀಕರಣದಿಂದ ಅಳೆದರು. ಶಾಂತ ಪ್ರದೇಶದಲ್ಲಿ ಸಿಕ್ಕಿದ್ದು ಬಹುಪಾಲು 3ರಿಂದ 15 ಗಾಸ್. ಭೂಮಿಯ ಕಾಂತಕ್ಷೇತ್ರ ನಮ್ಮೂರಲ್ಲಿ ಅರ್ಧ ಗಾಸ್‌ಗಿಂತ ಕಡಿಮೆ. ಅಂದರೆ ಅಂಥ ಭಾರೀ ಕ್ಷೇತ್ರವೇನಲ್ಲ. ಆದರೆ ಅಲ್ಲಿನ ಅನಿಲವೂ ಅಷ್ಟೇ ತೆಳು, ಹಿಡಿಯಲು ಅದು ಸಾಕು.

ಅದಕ್ಕಿಂತ ಕುತೂಹಲದ ಸಂಗತಿ ದಿಕ್ಕಿನದ್ದು. ಹೆಚ್ಚಿನ ಪ್ರಾಮಿನೆನ್ಸುಗಳಲ್ಲಿ ಕ್ಷೇತ್ರ ಗಡಿಗೆರೆಯನ್ನು ದಾಟುವುದು ಧನದಿಂದ ಋಣಕ್ಕಲ್ಲ, ಉಲ್ಟಾ! 1957ರಲ್ಲಿ ಕಿಪ್ಪೆನ್‌ಹಾನ್ ಮತ್ತು ಷ್ಲೂಟರ್ ಕೊಟ್ಟ ಮೊದಲ ಮಾದರಿಯಲ್ಲಿ ಕ್ಷೇತ್ರ ಧನದಿಂದ ಋಣಕ್ಕೇ ದಾಟುತ್ತಿತ್ತು, ನಡುವೆ ಅನಿಲದ ಭಾರಕ್ಕೆ ಕುಸಿದಿತ್ತು. 1974ರಲ್ಲಿ ಕುಪೆರಸ್ ಮತ್ತು ರಾಡು ಉಲ್ಟಾ ದಿಕ್ಕಿನ ಮಾದರಿ ಕೊಟ್ಟರು. ಅದರಲ್ಲಿ ಬಲರೇಖೆಗಳು ಒಂದು ಅಕ್ಷದ ಸುತ್ತ ತಿರುಚಿಕೊಂಡಿರುತ್ತವೆ. ಇದಕ್ಕೆ ಈಗ ಕಾಂತ ಹಗ್ಗ ಎನ್ನುತ್ತೇವೆ. ತಿರುಚಿದ ರೇಖೆಯ ಕೆಳಭಾಗದಲ್ಲಿ ತಗ್ಗು ತಾನಾಗಿಯೇ ಇರುತ್ತದೆ, ಅಲ್ಲಿ ದಿಕ್ಕೂ ಉಲ್ಟಾ. ಅಳತೆ ಮಾಡಿ ಸಿಕ್ಕಿದ್ದಕ್ಕೆ ಹೆಚ್ಚು ಹೊಂದುವುದು ಇದೇ. ತಿರುಚೇ ಇಲ್ಲದೆ, ಬರೀ ಉದ್ದಕ್ಕೆ ಎಳೆದ ಕಮಾನುಗಳಲ್ಲೂ ತಗ್ಗು ಹುಟ್ಟಬಲ್ಲದು ಎಂದು ಆಂಟಿಯೋಕಸ್ ಮತ್ತು ಡಿವೋರ್ ತೋರಿಸಿದ್ದಾರೆ. ಯಾವುದು ಸರಿ ಎಂದು ಬಹಳ ಕಾಲ ವಾದ ನಡೆದಿದೆ. ನನ್ನ ಅಭಿಪ್ರಾಯದಲ್ಲಿ ಇವು ಒಂದೇ ದಾರಿಯ ಎರಡು ಹಂತ. ಎಳೆದ ಕಮಾನುಗಳೇ ಮುಂದೆ ಹಗ್ಗವಾಗುತ್ತವೆ.

ಹೇಗೆ ಆಗುತ್ತವೆ ಎಂಬುದನ್ನು 1989ರಲ್ಲಿ ವಾನ್ ಬಾಲ್ಲಗೋಯನ್ ಮತ್ತು ಮಾರ್ಟೆನ್ಸ್ ತುಂಬಾ ಚೆನ್ನಾಗಿ ಬಿಡಿಸಿ ಹೇಳಿದರು. ಗಡಿಗೆರೆಯ ಎರಡು ಬದಿಯ ನೆಲ ಎದುರುಬದುರಾಗಿ ಸರಿಯುತ್ತದೆ ಎಂದುಕೊಳ್ಳಿ. ಕಮಾನಿನ ಒಂದು ಕಾಲು ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ. ಕಮಾನು ಓರೆಯಾಗುತ್ತದೆ. ಜತೆಗೆ ಎರಡೂ ಬದಿಯ ಕಾಂತಕ್ಷೇತ್ರ ನಿಧಾನಕ್ಕೆ ಗಡಿಗೆರೆಯ ಕಡೆ ಬರುತ್ತಿರುತ್ತದೆ. ಅಲ್ಲಿ ಅಕ್ಕಪಕ್ಕದ ಎರಡು ಓರೆ ಕಮಾನುಗಳ ಕಾಲುಗಳು ಭೇಟಿಯಾಗುತ್ತವೆ, ಒಂದು ಧನ, ಒಂದು ಋಣ. ರೇಖೆಗಳು ಕಡಿದು ಹೊಸದಾಗಿ ಕೂಡಿಕೊಳ್ಳುತ್ತವೆ. ಎರಡು ಕಮಾನುಗಳ ಜಾಗದಲ್ಲಿ ಒಂದು ತುಂಬಾ ಉದ್ದದ ರೇಖೆ, ಒಂದು ಚಿಕ್ಕ ಕುಣಿಕೆ ಸಿಗುತ್ತವೆ. ಚಿಕ್ಕದು ಕೆಳಗೆ ಮುಳುಗಿಹೋಗುತ್ತದೆ. ಉದ್ದದ್ದು ಮೇಲೆ, ಗಡಿಗೆರೆಯ ಉದ್ದಕ್ಕೆ ಉಳಿಯುತ್ತದೆ. ಇದೇ ಮತ್ತೆ ಮತ್ತೆ ನಡೆದಾಗ ಆಮೇಲೆ ಬಂದ ರೇಖೆಗಳು ಮೊದಲಿನವುಗಳ ಸುತ್ತ ಸುತ್ತಿಕೊಳ್ಳುತ್ತವೆ. ಮೇಲಿನಿಂದ ನೋಡಿದರೆ ಮೇಲ್ಮೈಯಲ್ಲಿ ಕಾಂತಕ್ಷೇತ್ರ ಸುಮ್ನೆ ಅಳಿದುಹೋದ ಹಾಗೆ ಕಾಣುತ್ತದೆ. ನಿಜವಾಗಿ ಅದರ ತಿರುಚು ಮೇಲೆ ಕೂಡಿಬೀಳುತ್ತಿರುತ್ತದೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಮೇಲ್ಮೈಯ ಕ್ಷೇತ್ರವನ್ನು ಅಳೆಯುವುದು ಸಾಧ್ಯ. ಕಾಂತಕ್ಷೇತ್ರದಲ್ಲಿ ರೋಹಿತದ ಗೆರೆ ಸೀಳುತ್ತದೆ. 1908ರಲ್ಲಿ ಹೇಲ್ ಇದನ್ನು ಸೂರ್ಯನ ಕಲೆಗಳಲ್ಲಿ ಕಂಡ. 2010ರಲ್ಲಿ ಹಾರಿದ, ಸೂರ್ಯನನ್ನೇ ನೋಡುವ ನಾಸಾದ ಎಸ್‌ಡಿಒ ಉಪಗ್ರಹ ಈಗ ಇಡೀ ಮುಖದ ನಕ್ಷೆಯನ್ನು ಕೆಲವೇ ನಿಮಿಷಕ್ಕೊಂದು ಕೊಡುತ್ತದೆ. ಕರೋನಾದಲ್ಲಿ ಕ್ಷೇತ್ರ ದುರ್ಬಲ, ಗೆರೆಗಳು ಅಗಲ, ಬೆಳಕು ಕಡಿಮೆ. ಹಾಗಾಗಿ ಕೆಳಗಿನ ನಕ್ಷೆಯಿಂದ ಮೇಲಿನ ಆಕಾರವನ್ನು ಲೆಕ್ಕಹಾಕಬೇಕು. ಕರೋನಾದ ಕೆಳಭಾಗದಲ್ಲಿ ಕಾಂತಕ್ಷೇತ್ರದ ಒತ್ತಡ ಅನಿಲದ ಒತ್ತಡಕ್ಕಿಂತ ತುಂಬಾ ಜಾಸ್ತಿ. ಆದ್ದರಿಂದ ಅಲ್ಲಿ ಕಾಂತಬಲಗಳು ತಮ್ಮತಮ್ಮಲ್ಲೇ ಸರಿದೂಗಬೇಕು. ಹಾಗಾಗಲು ವಿದ್ಯುತ್ ಹರಿವು ಬಲರೇಖೆಯ ಉದ್ದಕ್ಕೇ ಹೋಗಬೇಕು. ಲೆಕ್ಕದ ಅಡಿಪಾಯ ಇದೇ.

ವಿದ್ಯುತ್ ಹರಿವೇ ಇಲ್ಲ ಎಂದುಕೊಂಡರೆ ಲೆಕ್ಕ ಸುಲಭ, ಆದರೆ ಬರೀ ಅಡ್ಡ ಕಮಾನುಗಳು ಸಿಗುತ್ತವೆ, ಫಿಲಮೆಂಟ್ ಸಿಗುವುದಿಲ್ಲ. ಎಲ್ಲ ಕಡೆ ಒಂದೇ ಪ್ರಮಾಣದ ತಿರುಚು ಎಂದುಕೊಂಡರೆ ಸ್ವಲ್ಪ ಮೇಲು. ಸೂರ್ಯನಲ್ಲಿ ತಿರುಚು ಜಾಗದಿಂದ ಜಾಗಕ್ಕೆ ಬೇರೆ. ಅದನ್ನೂ ಲೆಕ್ಕಕ್ಕೆ ತಂದರೆ ಗಣಿತ ಬಹಳ ಕಷ್ಟವಾಗುತ್ತದೆ. ನಕ್ಷೆಯಲ್ಲಿ ಅಡ್ಡ ದಿಕ್ಕಿನ ಕ್ಷೇತ್ರದ ಅಳತೆ ಅಷ್ಟು ನಿಖರವಲ್ಲ. ಅದು ಈ ಕಡೆಗೋ ಅದರ ನೇರ ವಿರುದ್ಧಕ್ಕೋ ಎಂಬುದೂ ಅಳತೆಯಿಂದ ನೇರವಾಗಿ ತಿಳಿಯುವುದಿಲ್ಲ. ಮೇಲ್ಮೈಯಲ್ಲಿ ಅನಿಲದ ಒತ್ತಡವೂ ಆಟವಾಡುತ್ತದೆ, ಅಂದರೆ ಅಡಿಪಾಯದ ಊಹೆಯೇ ಅಲ್ಲಿ ಪೂರ್ತಿ ನಿಲ್ಲುವುದಿಲ್ಲ. 2009ರಲ್ಲಿ ಹಲವು ತಂಡಗಳು ಒಂದೇ ಸಕ್ರಿಯ ಪ್ರದೇಶದ ಒಂದೇ ನಕ್ಷೆಯನ್ನು ತಮ್ಮತಮ್ಮ ಪ್ರೋಗ್ರಾಮಿಗೆ ಕೊಟ್ಟು ನೋಡಿದವು. ಉತ್ತರಗಳು ಒಂದಕ್ಕೊಂದು ಹೊಂದಲಿಲ್ಲ. ಸಕ್ರಿಯ ಪ್ರದೇಶ ಅಂದರೆ ಸೂರ್ಯನ ಕಲೆಗಳಿರುವ, ಗಟ್ಟಿ ಕ್ಷೇತ್ರದ ಜಾಗ. ನಿಮ್ಮ ಮಕ್ಕಳು ಕಂಡಂಥ ಉದ್ದನೆಯ ಶಾಂತ ಫಿಲಮೆಂಟುಗಳ ಕೆಳಗೆ ಕ್ಷೇತ್ರ ಇನ್ನೂ ದುರ್ಬಲ, ಅಳತೆಯ ತಪ್ಪೇ ಹೆಚ್ಚಾಗಿಬಿಡುತ್ತದೆ.

ಇವತ್ತಿನ ನಕ್ಷೆಯೊಂದರಿಂದ ಇವತ್ತಿನ ಕರೋನಾ ಸಿಗದಿದ್ದರೆ ಏನು ಮಾಡಬೇಕು? ಅದರ ಚರಿತ್ರೆಯನ್ನು ಸೇರಿಸಬೇಕು. ಈ ವಿಷಯದಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದ ಕೆಲಸ ಇದು. ವಾನ್ ಬಾಲ್ಲಗೋಯನ್, ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಮಕೇ, ಆಮೇಲೆ ಯೇಟ್ಸ್ ಇದನ್ನು ಬೆಳೆಸಿದರು. ಕಂಪ್ಯೂಟರಿನಲ್ಲಿ ಒಂದು ಇಡೀ ಸೂರ್ಯ. ಅದರ ಮೇಲ್ಮೈ ನಿಜವಾದ ಸೂರ್ಯನ ಹಾಗೇ ಚಲಿಸುತ್ತದೆ. ಸಮಭಾಜಕದ ಹತ್ತಿರ ಸುಮಾರು 25 ದಿನಕ್ಕೆ ಒಂದು ಸುತ್ತು, ಧ್ರುವದ ಹತ್ತಿರ 35 ದಿನದ ಆಸುಪಾಸು. ಈ ವ್ಯತ್ಯಾಸ ಕಮಾನುಗಳನ್ನು ಎಳೆಯುತ್ತದೆ. ಸಮಭಾಜಕದಿಂದ ಧ್ರುವಗಳ ಕಡೆಗೆ ಸೆಕೆಂಡಿಗೆ ಹತ್ತು ಹದಿನೈದು ಮೀಟರಿನ ನಿಧಾನ ಹರಿವು. ಕುದಿತದಿಂದ ಕ್ಷೇತ್ರ ಆಚೀಚೆ ಚದುರುತ್ತದೆ. ಹೊಸ ಸಕ್ರಿಯ ಪ್ರದೇಶ ಎಲ್ಲಿ ಎದ್ದಿತು ಎಂದು ನಿಜ ನಕ್ಷೆ ನೋಡಿ ಅದನ್ನೂ ಸೇರಿಸುತ್ತಾರೆ. ಪ್ರತಿ ಹೆಜ್ಜೆಯಲ್ಲೂ ಮೇಲಿನ ಬಲರೇಖೆಗಳು ಅಸಮತೋಲದ ಕಡೆಯಿಂದ ಸಮತೋಲದ ಕಡೆಗೆ ಸ್ವಲ್ಪ ಸರಿದುಕೊಳ್ಳುತ್ತವೆ. ಮುಖ್ಯ ವಿಷಯ, ನಿನ್ನೆಯ ಕರೋನಾವನ್ನು ಅಳಿಸುವುದಿಲ್ಲ. ತಿರುಚು ಸುಲಭಕ್ಕೆ ಕರಗುವಂಥದ್ದಲ್ಲ, ದಿನದಿಂದ ದಿನಕ್ಕೆ ಸಾಗಿ ಗಡಿಗೆರೆಗಳ ಮೇಲೆ ಸೇರುತ್ತದೆ. ವಾರಗಳು ಕಳೆದಂತೆ ಅಲ್ಲಿ ಕಾಂತ ಹಗ್ಗಗಳು ತಾವಾಗಿ ಮೂಡುತ್ತವೆ. ಯಾರೂ ಅವನ್ನು ಅಲ್ಲಿ ಇಟ್ಟಿರುವುದಿಲ್ಲ.

ಸರಿ ಎಂದು ಗೊತ್ತಾಗುವುದು ಹೇಗೆ? ಜಾಗ ಹೊಂದಿದರೆ ಸಾಲದು, ಗಡಿಗೆರೆ ಎಲ್ಲಿದೆ ಎಂದು ನಾವೇ ನಕ್ಷೆಯಿಂದ ಕೊಟ್ಟಿರುತ್ತೇವೆ. ನಾವು ಕೊಡದ ಸಂಗತಿಯೊಂದು ಹೊಂದಬೇಕು. ಅಂಥದ್ದೊಂದು ಇದೆ. ಧನದ ಬದಿಯಲ್ಲಿ ನಿಂತು ಫಿಲಮೆಂಟಿನ ಕಡೆ ಮುಖ ಮಾಡಿದ್ದೀರಿ ಎಂದುಕೊಳ್ಳಿ. ಉದ್ದಕ್ಕೆ ಓಡುವ ಕ್ಷೇತ್ರ ನಿಮ್ಮ ಬಲಕ್ಕೆ ಹೋದರೆ ಅದು ಬಲಮುಖಿ, ಎಡಕ್ಕಾದರೆ ಎಡಮುಖಿ. 1990ರ ದಶಕದಲ್ಲಿ ಸಾರಾ ಮಾರ್ಟಿನ್ ಮತ್ತು ಜತೆಗಾರರು ಕಂಡುಕೊಂಡದ್ದು ಇಷ್ಟು: ಸೂರ್ಯನ ಉತ್ತರಾರ್ಧದಲ್ಲಿ ಹೆಚ್ಚಿನವು ಬಲಮುಖಿ, ದಕ್ಷಿಣಾರ್ಧದಲ್ಲಿ ಹೆಚ್ಚಿನವು ಎಡಮುಖಿ. ಸೂರ್ಯನ 11 ವರ್ಷದ ಚಕ್ರ ಬದಲಾಗಿ ಧ್ರುವತೆಗಳೆಲ್ಲ ತಿರುಗಿದರೂ ಈ ಪದ್ಧತಿ ತಿರುಗುವುದಿಲ್ಲ.

ಮೊದಮೊದಲು ಎಲ್ಲರಿಗೂ ಅನ್ನಿಸಿದ್ದು, ಸಮಭಾಜಕ ಬೇಗ ತಿರುಗುತ್ತದಲ್ಲ, ಆ ಎಳೆತದಿಂದಲೇ ಇದು ಬಂದಿರಬೇಕು ಎಂದು. 1998ರಲ್ಲಿ ಲೆಕ್ಕ ಮಾಡಿದಾಗ ಅದು ಆಗಲಿಲ್ಲ. ಆ ಎಳೆತ ಒಂದರಿಂದಲೇ ಹೊರಟರೆ ಎರಡೂ ಬಗೆಯವು ಬೆರೆತು ಬರುತ್ತವೆ, ಪೂರ್ವ-ಪಶ್ಚಿಮಕ್ಕೆ ಮಲಗಿದ ಗಡಿಗೆರೆಗಳಲ್ಲಿ ಉಲ್ಟಾ ಉತ್ತರವೇ ಬರುತ್ತದೆ. ಸಕ್ರಿಯ ಪ್ರದೇಶಗಳು ಒಳಗಿನಿಂದ ಏಳುವಾಗಲೇ ತಿರುಚನ್ನು ಹೊತ್ತು ತರುತ್ತವೆ ಎಂದು ಸೇರಿಸಿದ ಮೇಲೆ ಲೆಕ್ಕ ಕೂಡಿಬಂತು. 2008ರಲ್ಲಿ ಯೇಟ್ಸ್, ಮಕೇ, ವಾನ್ ಬಾಲ್ಲಗೋಯನ್ ಮಾದರಿಯನ್ನು ತಿಂಗಳುಗಟ್ಟಲೆ ಓಡಿಸಿ, ನಿಜವಾಗಿ ಕಂಡ ನೂರಕ್ಕೂ ಹೆಚ್ಚು ಫಿಲಮೆಂಟುಗಳ ಜತೆ ಒಂದೊಂದಾಗಿ ಹೋಲಿಸಿದರು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹೊಂದಿದವು. ಪದ್ಧತಿಗೆ ವಿರುದ್ಧವಾಗಿದ್ದ ಫಿಲಮೆಂಟುಗಳಲ್ಲೂ ಹಲವು ಸರಿಯಾಗಿ ಬಂದವು. ಮಾದರಿ ಹೆಚ್ಚು ದಿನ ಓಡಿದಷ್ಟೂ ಹೊಂದಾಣಿಕೆ ಹೆಚ್ಚಿತು. ನನಗೆ ಇದಕ್ಕಿಂತ ಗಟ್ಟಿ ಪುರಾವೆ ಬೇಡ. ಒಂದು ಫಿಲಮೆಂಟಿನ ಆಕಾರದಲ್ಲಿ ಎಷ್ಟೋ ವಾರಗಳ ಹಿಂದೆ, ಬೇರೆಲ್ಲೋ ನಡೆದದ್ದು ಉಳಿದಿರುತ್ತದೆ. ಧ್ರುವದ ಹತ್ತಿರದ ಫಿಲಮೆಂಟುಗಳಿಗಂತೂ ವರ್ಷಗಳ ಚರಿತ್ರೆ ಬೇಕು, ತಿರುಚು ಅಲ್ಲಿಗೆ ತಲಪಲು ಅಷ್ಟು ಸಮಯ ಹಿಡಿಯುತ್ತದೆ.

ಚರಿತ್ರೆ ಬೇಕು ಅಂದ ಕೂಡಲೇ ನಮ್ಮ ಪಕ್ಕದ ತಮಿಳುನಾಡಿನ ಕೊಡೈಕನಾಲ್ ನೆನಪಿಗೆ ಬರಬೇಕು. ಎವರ್ಶೆಡ್ ದಂಪತಿ ಕೆಲಸ ಮಾಡಿದ ವೀಕ್ಷಣಾಲಯ ಅದು. ಜಾನ್ ಎವರ್ಶೆಡ್ ಹೆಸರು ಎಲ್ಲರೂ ಹೇಳುತ್ತಾರೆ. ಅಲ್ಲಿನ ಪ್ರಾಮಿನೆನ್ಸ್ ವೀಕ್ಷಣೆಗಳ ದೊಡ್ಡ ವರದಿಯನ್ನು 1917ರಲ್ಲಿ ಅವರ ಜತೆ ಬರೆದ ಮೇರಿ ಎವರ್ಶೆಡ್ ಹೆಸರನ್ನೂ ಮಕ್ಕಳಿಗೆ ಹೇಳಿ. 1912ರಿಂದ ಅಲ್ಲಿ ಎಚ್-ಆಲ್ಫಾ ಬೆಳಕಿನಲ್ಲಿ ಸೂರ್ಯನ ಫೋಟೊ ತೆಗೆಯತೊಡಗಿದರು. ಆಗ ಇಡೀ ಮುಖದ ಕಾಂತ ನಕ್ಷೆ ತೆಗೆಯುವ ಉಪಕರಣವೇ ಇರಲಿಲ್ಲ, ಅದು ಬಂದದ್ದು 1950ರ ದಶಕದಲ್ಲಿ. ಆದರೆ ಫಿಲಮೆಂಟ್ ಇರುವಲ್ಲಿ ಗಡಿಗೆರೆ ಇದ್ದೇ ಇರುತ್ತದಲ್ವಾ? ಕೆ. ಆರ್. ಶಿವರಾಮನ್ ಮತ್ತು ರಷ್ಯಾದ ಮಕಾರೊವ್ ಹಳೆಯ ಫೋಟೊ ಪ್ಲೇಟುಗಳಲ್ಲಿ ಫಿಲಮೆಂಟುಗಳ ಸಾಲನ್ನು ಹಿಂಬಾಲಿಸಿ, ಗಡಿಗೆರೆಗಳು ಧ್ರುವದ ಕಡೆ ಸರಿಯುವುದನ್ನು, ಧ್ರುವಗಳ ಕಾಂತದಿಕ್ಕು ಯಾವಾಗ ತಿರುಗಿತು ಎಂಬುದನ್ನು ದಶಕಗಳ ಹಿಂದಕ್ಕೂ ಗುರುತಿಸಿದರು. ಆ ಪ್ಲೇಟುಗಳು ಈಗ ಡಿಜಿಟಲ್ ಆಗಿವೆ. ಅಷ್ಟು ವರ್ಷ ಒಂದೂ ಬಿಡದೆ ಜೋಪಾನ ಮಾಡಿದವರಿಗೆ ನಾವೆಲ್ಲ ಋಣಿಗಳು.

ಅನಿಲದ ವಿಷಯ ಬಾಕಿ ಇದೆ. ಸುತ್ತಲಿನ ಕರೋನಾದಿಂದ ಹಿಂಡಿ ತೆಗೆದರೆ ಅಷ್ಟು ಅನಿಲ ಸಿಗುವುದಿಲ್ಲ, ಕೆಳಗಿನ ವರ್ಣಗೋಳದಿಂದ ಬರಬೇಕು. ಹೆಚ್ಚು ಒಪ್ಪಿತವಾದ ವಿವರಣೆ ಹೀಗಿದೆ. ಉದ್ದನೆಯ ಬಲರೇಖೆಯ ಎರಡು ಬುಡಗಳ ಹತ್ತಿರ ಬಿಸಿ ಹೆಚ್ಚಾಗಿ, ವರ್ಣಗೋಳದ ಅನಿಲ ಕಾದು ರೇಖೆಯೊಳಗೆ ಮೇಲೇರುತ್ತದೆ. ನಡುವೆ ಅನಿಲ ದಟ್ಟವಾಗುತ್ತದೆ. ಸಾಂದ್ರತೆ ಎರಡು ಪಟ್ಟಾದರೆ ಬೆಳಕಾಗಿ ಹೊರಗೆ ಹೋಗುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಬುಡದ ಬಿಸಿ ಅಷ್ಟು ದೂರ ತಲಪುವುದಿಲ್ಲ. ತಣ್ಣಗಾದಷ್ಟೂ ಇನ್ನಷ್ಟು ದಟ್ಟ, ದಟ್ಟವಾದಷ್ಟೂ ಇನ್ನಷ್ಟು ತಣ್ಣಗೆ. ಹತ್ತು ಲಕ್ಷ ಡಿಗ್ರಿಯಿಂದ ಹತ್ತು ಸಾವಿರಕ್ಕೆ ಕುಸಿಯುತ್ತದೆ, ತಗ್ಗಿನಲ್ಲಿ ಕೂಡಿಕೊಳ್ಳುತ್ತದೆ. ಷಿಯಾ ಮತ್ತು ಕೆಪ್ಪೆನ್ಸ್ 2014ರಲ್ಲಿ, ಮತ್ತೆ 2016ರಲ್ಲಿ ಮೂರು ಆಯಾಮದ ಕಾಂತ ಹಗ್ಗದೊಳಗೆ ಇದು ನಡೆಯುವುದನ್ನು ಕಂಪ್ಯೂಟರಿನಲ್ಲಿ ತೋರಿಸಿದರು. ಇವುಗಳಲ್ಲಿ ಅನಿಲ ಇದೆ, ಆದರೆ ಕಾಂತಕ್ಷೇತ್ರ ಸರಳವಾದದ್ದು. ಮೊದಲು ಹೇಳಿದ ಚರಿತ್ರೆಯ ಮಾದರಿಯಲ್ಲಿ ಕಾಂತಕ್ಷೇತ್ರ ನಿಜವಾದ ಸೂರ್ಯನದ್ದು, ಆದರೆ ಅನಿಲವೇ ಇಲ್ಲ. ಎರಡನ್ನೂ ಒಂದೇ ಲೆಕ್ಕದೊಳಗೆ ತರುವುದು ಮುಂದಿನ ಪೀಳಿಗೆಗೆ ಒಳ್ಳೆಯ ಕೆಲಸ. 2023ರ ಸೆಪ್ಟೆಂಬರಿನಲ್ಲಿ ಹಾರಿದ ನಮ್ಮ ಆದಿತ್ಯ-ಎಲ್1 ನೌಕೆ ನೇರಳಾತೀತ ಬೆಳಕಿನಲ್ಲಿ ಫಿಲಮೆಂಟುಗಳನ್ನು ನೋಡುತ್ತಿದೆ.

ತರಗತಿಯಲ್ಲಿ ಒಂದು ಕೆಲಸ ಮಾಡಿಸಿ. ದೂರದರ್ಶಕ ಬೇಡ, ನಮ್ಮ ಮಳೆಗಾಲದಲ್ಲೂ ಆಗುತ್ತದೆ. ಗಾಂಗ್ ಎಂಬ ಸೌರ ದೂರದರ್ಶಕಗಳ ಜಾಲ ಆರು ಜಾಗಗಳಿಂದ ಎಚ್-ಆಲ್ಫಾ ಚಿತ್ರ ಹಾಕುತ್ತದೆ, ಅದರಲ್ಲಿ ಒಂದು ಉದಯಪುರ. ಎಸ್‌ಡಿಒದ ಕಾಂತ ನಕ್ಷೆಯೂ ಉಚಿತ. ಒಂದೇ ದಿನದ, ಹೆಚ್ಚುಕಡಿಮೆ ಒಂದೇ ಗಂಟೆಯ ಎರಡು ಚಿತ್ರಗಳನ್ನು ಒಂದೇ ಅಳತೆಗೆ ಪ್ರಿಂಟ್ ತೆಗೆಯಿರಿ. ಫಿಲಮೆಂಟುಗಳನ್ನು ಟ್ರೇಸಿಂಗ್ ಪೇಪರಿನಲ್ಲಿ ಬರೆದು ಕಾಂತ ನಕ್ಷೆಯ ಮೇಲೆ ಇಡಿ. ಬಿಳಿ (ಧನ) ಮತ್ತು ಕಪ್ಪು (ಋಣ) ತೇಪೆಗಳ ನಡುವಿನ ಗಡಿಯಲ್ಲೇ ಗೆರೆ ಕೂರುವುದು ಮಕ್ಕಳಿಗೆ ಕಾಣುತ್ತದೆ. ಆಮೇಲೆ ಫಿಲಮೆಂಟನ್ನು ದೊಡ್ಡದು ಮಾಡಿ ನೋಡಿ. ಬೆನ್ನಿನಿಂದ ಸಣ್ಣ ಸಣ್ಣ ಕವಲುಗಳು ಓರೆಯಾಗಿ ಹೊರಟಿರುತ್ತವೆ. ಬೆನ್ನಿನ ಉದ್ದಕ್ಕೆ ಬೆರಳು ಎಳೆಯುತ್ತಾ ಹೋಗಿ. ಕವಲುಗಳು ಮುಂದಕ್ಕೆ, ಬಲಕ್ಕೆ ಒಡೆದುಕೊಂಡರೆ ಬಲಮುಖಿ. ಎಡಕ್ಕಾದರೆ ಎಡಮುಖಿ. ಬೆರಳನ್ನು ಯಾವ ತುದಿಯಿಂದ ಎಳೆದರೂ ಉತ್ತರ ಒಂದೇ. ಚಿತ್ರದಲ್ಲಿ ಉತ್ತರ ದಿಕ್ಕು ಮೇಲಿದೆ, ಎಡಬಲ ತಿರುಗಿಲ್ಲ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಹಲವು ದಿನಗಳ ಚಿತ್ರ ಸೇರಿಸಿ ಉತ್ತರಾರ್ಧ, ದಕ್ಷಿಣಾರ್ಧ ಎಂದು ಬೇರೆ ಬೇರೆ ಪಟ್ಟಿ ಮಾಡಿಸಿ. ಶಾಂತ ಫಿಲಮೆಂಟುಗಳಲ್ಲಿ ನೂರಕ್ಕೆ ಎಂಬತ್ತರ ಆಸುಪಾಸು ಪದ್ಧತಿಯಂತೆ ಬರಬೇಕು. ಪದ್ಧತಿಗೆ ಹೊಂದದ್ದು ಸಿಕ್ಕಿದರೆ ಅದನ್ನು ಪಟ್ಟಿಯಿಂದ ತೆಗೆಯಬೇಡಿ. ಅದರ ಹತ್ತಿರ ಹಿಂದಿನ ವಾರಗಳಲ್ಲಿ ಹೊಸ ಸಕ್ರಿಯ ಪ್ರದೇಶ ಎದ್ದಿತ್ತೇ ಎಂದು ಹಳೆಯ ನಕ್ಷೆಗಳಲ್ಲಿ ಹುಡುಕಲು ಹೇಳಿ.